ಓಡಾಟ ಮತ್ತು ಏಳಿಗೆ: ಮಾಲೂರು ಸೀಮೆಯಲ್ಲಿ ಆರ್ಥಿಕ ನೀತಿ, ಸಂಸ್ಕೃತಿ ಹಾಗೂ ಜಾತಿ ಅಸಮಾನತೆ

ಪ್ರವೇಶ

ಸಾಮಾಜಿಕ ಅಸಮಾನತೆಯನ್ನು ಕುರಿತ ಚಿಂತನೆಗಳು ಸಾಮಾನ್ಯವಾಗಿ ಎರಡು ನೆಲೆಗಳಿಂದ ಹೊರಡುತ್ತವೆ. ಭೂಮಿ, ಕೂಲಿ, ಬಂಡವಾಳ, ಉದ್ಯೋಗ ಇವುಗಳ ಹಂಚಿಕೆ ಸರಿಹೋದರೆ ಉಳಿದುದೆಲ್ಲವೂ ತಾನಾಗಿ ಸರಿಹೋಗುತ್ತದೆ ಎಂಬುದು ಒಂದು ನೆಲೆ. ಜನರ ನಂಬಿಕೆ, ನಡವಳಿಕೆ, ಮೌಲ್ಯಗಳೇ ಅವರ ಸ್ಥಿತಿಗತಿಯನ್ನು ನಿರ್ಧರಿಸುತ್ತವೆ ಎಂಬುದು ಇನ್ನೊಂದು ನೆಲೆ. ಎರಡನೆಯ ನೆಲೆಯ ಪ್ರಸಿದ್ಧ ಉದಾಹರಣೆಯೆಂದರೆ ಮಾನವಶಾಸ್ತ್ರಜ್ಞ ಆಸ್ಕರ್ ಲೂಯಿಸ್ ಮಂಡಿಸಿದ 'ಬಡತನದ ಸಂಸ್ಕೃತಿ' ಎಂಬ ಪರಿಕಲ್ಪನೆ. ಅಮೆರಿಕದ ಕಪ್ಪುಜನರ ಹಿಂದುಳಿಯುವಿಕೆಗೆ ಅವರ ಕುಟುಂಬ ಜೀವನವೇ ಕಾರಣವೆಂದು ವಾದಿಸಿದವರಿಗೆ ಈ ಪರಿಕಲ್ಪನೆ ಒದಗಿಬಂದಿತು. 1987ರಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ ಇದಕ್ಕೆ ಪ್ರತಿಯಾಗಿ, ನಗರಗಳ ಕಾರ್ಖಾನೆಗಳು ಕಣ್ಮರೆಯಾದುದೇ ಅಲ್ಲಿನ ಕಪ್ಪು ಬಡಾವಣೆಗಳ ಕುಸಿತಕ್ಕೆ ಮುಖ್ಯ ಕಾರಣವೆಂದು ತೋರಿಸಿದರು.

ಜನಾಂಗೀಯ ಅಸಮಾನತೆಯನ್ನು ಕುರಿತ ಈ ವಾಗ್ವಾದವನ್ನು ಜಾತಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಅಸ್ಪೃಶ್ಯತೆಯ ಮೂಲ ಜನಾಂಗಭೇದದಲ್ಲಿದೆ ಎಂಬ ವಾದವನ್ನು ಅಂಬೇಡ್ಕರ್ 1948ರಷ್ಟು ಹಿಂದೆಯೇ ನಿರಾಕರಿಸಿದ್ದರು. ಆದರೆ ಅದೇ ಅಂಬೇಡ್ಕರ್ 1946ರಲ್ಲಿ ಕಪ್ಪುಜನರ ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಎರಡೂ ಸಮುದಾಯಗಳ ಸ್ಥಿತಿಯಲ್ಲಿರುವ ಹೋಲಿಕೆಯನ್ನು ಗುರುತಿಸಿದ್ದರು. 2001ರ ಡರ್ಬನ್ ಸಮ್ಮೇಳನದ ಸಂದರ್ಭದಲ್ಲಿ ಜಾತಿ ಮತ್ತು ಜನಾಂಗ ಕುರಿತ ಚರ್ಚೆ ಮತ್ತೆ ಮುನ್ನೆಲೆಗೆ ಬಂದಿತು. ಮೂಲ ಬೇರೆಯಾದರೂ ವ್ಯವಸ್ಥೆ ಕೆಲಸ ಮಾಡುವ ಬಗೆಯಲ್ಲಿ ಸಾಮ್ಯವಿದೆ ಎಂಬ ತಿಳಿವಳಿಕೆಯಿಂದ ಪ್ರಸ್ತುತ ಲೇಖನ ಹೊರಡುತ್ತದೆ. ಕೋಲಾರ ಜಿಲ್ಲೆಯ ಮಾಲೂರು ಸೀಮೆಯನ್ನು ಮುಖ್ಯ ಆಕರವಾಗಿ ಇರಿಸಿಕೊಂಡು, ಆರ್ಥಿಕ ನೀತಿ ಮತ್ತು ಸಂಸ್ಕೃತಿಗಳು ದಲಿತರ ಸಾಮಾಜಿಕ ಚಲನೆಯನ್ನು ಹೇಗೆ ಒಟ್ಟಾಗಿ ರೂಪಿಸಿವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಆರ್ಥಿಕ ನೀತಿಯು ತನ್ನ ಫಲಾನುಭವಿಗಳನ್ನು ಗುರುತಿಸಲು ನೋಡುವ ಪಟ್ಟಿಯನ್ನು ಸಂಸ್ಕೃತಿಯು ಮೊದಲೇ ಬರೆದಿಟ್ಟಿರುತ್ತದೆ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

1. ಒಂದು ದಂಡದ ಲೆಕ್ಕ

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆ 15,36,401. ಇದರಲ್ಲಿ ಪರಿಶಿಷ್ಟ ಜಾತಿಗಳ ಪಾಲು ಶೇ. 30ಕ್ಕೂ ಹೆಚ್ಚು, ರಾಜ್ಯದ ಸರಾಸರಿ ಶೇ. 17ರ ಆಸುಪಾಸಿನಲ್ಲಿದೆ. ಸಂಖ್ಯೆಯ ಬಲ, ರಾಜಧಾನಿಯ ಸಾಮೀಪ್ಯ, ರೈಲುಮಾರ್ಗ, ಕೈಗಾರಿಕೆ, ದಲಿತ ಚಳವಳಿಯ ದೀರ್ಘ ಪರಂಪರೆ ಇವೆಲ್ಲವೂ ಇರುವ ಈ ಜಿಲ್ಲೆಯಲ್ಲಿ ಜಾತಿಯ ಹಿಡಿತ ಸಡಿಲಗೊಂಡಿರಬೇಕೆಂದು ಯಾರಾದರೂ ನಿರೀಕ್ಷಿಸಬಹುದು.

2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಸಂದರ್ಭದಲ್ಲಿ ದಲಿತ ಬಾಲಕನೊಬ್ಬ ಗುಜ್ಜುಕೋಲನ್ನು ಮುಟ್ಟಿದನೆಂದು ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಲಾಯಿತು. ಕೊಡದಿದ್ದರೆ ಊರು ಬಿಡಬೇಕೆಂದು ತಾಕೀತು ಮಾಡಲಾಯಿತು. ದೂರು ದಾಖಲಾಗಿ ಬಂಧನಗಳಾದವು, ಜಿಲ್ಲಾಡಳಿತ ಊರಿಗೆ ಭೇಟಿ ನೀಡಿತು, ದೇಶದ ಪತ್ರಿಕೆಗಳು ವರದಿ ಮಾಡಿದವು. ಈ ಪ್ರಕರಣವನ್ನು ಸಾಮಾನ್ಯವಾಗಿ ಅಸ್ಪೃಶ್ಯತೆಯ ಆಚರಣೆಯೆಂದು, ಎಂದರೆ ಸಂಸ್ಕೃತಿಯ ಸಮಸ್ಯೆಯೆಂದು ನೋಡಲಾಗಿದೆ. ಅದನ್ನು ಆರ್ಥಿಕ ವ್ಯವಹಾರವಾಗಿಯೂ ಓದಬೇಕಾಗಿದೆ.

ಆಗ ಜಾರಿಯಲ್ಲಿದ್ದ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಒಂದು ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸದ ಭರವಸೆ ನೀಡಿತ್ತು. 2022-23ರಲ್ಲಿ ಕರ್ನಾಟಕದ ದಿನಗೂಲಿ 309 ರೂಪಾಯಿ. ನೂರು ದಿನವೂ ಕೆಲಸ ಸಿಕ್ಕಿತೆಂದು ಭಾವಿಸಿದರೂ ವರ್ಷದ ಗಳಿಕೆ 30,900 ರೂಪಾಯಿ. ದಂಡದ ಮೊತ್ತ ಸುಮಾರು 194 ದಿನಗಳ ಕೂಲಿಗೆ, ಅಂದರೆ ಹೆಚ್ಚುಕಡಿಮೆ ಎರಡು ವರ್ಷಗಳ ಪೂರ್ಣ ಖಾತರಿಗೆ ಸಮ. ಪ್ರಭುತ್ವ ಎರಡು ವರ್ಷಗಳಲ್ಲಿ ಕೊಡಬಹುದಾದುದನ್ನು ಊರಿನ ಕಟ್ಟಳೆ ಒಂದು ಪಂಚಾಯ್ತಿಯಲ್ಲಿ ಕಿತ್ತುಕೊಳ್ಳಹೊರಟಿತ್ತು. ಇಲ್ಲಿ ಸಂಸ್ಕೃತಿ ಕೇವಲ ನಂಬಿಕೆಯಾಗಿ ಉಳಿದಿಲ್ಲ. ತೆರಿಗೆ ಹಾಕುವ, ಗಡೀಪಾರು ಮಾಡುವ ಅಧಿಕಾರವಾಗಿ ಅದು ವರ್ತಿಸಿದೆ. ಈ ಅಧಿಕಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಆರ್ಥಿಕ ನೀತಿಯೂ ತನ್ನ ಫಲವನ್ನು ಸರಿಯಾಗಿ ಅಳೆಯಲಾರದು.

2. ಚೋಮನ ಎತ್ತುಗಳು ಮತ್ತು ನಮೂನೆ 7

ಈ ಸಂಬಂಧವನ್ನು ಕನ್ನಡದ ಸಮಾಜವಿಜ್ಞಾನಕ್ಕಿಂತ ಮೊದಲು ಗ್ರಹಿಸಿದ್ದು ಕನ್ನಡದ ಕಾದಂಬರಿ. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ 'ಚೋಮನ ದುಡಿ' ಕರಾವಳಿಯ ಕಥನವಾದರೂ, ಅದು ಎತ್ತುವ ಪ್ರಶ್ನೆ ಕೋಲಾರದ ಬಯಲಿಗೂ ಸಂಬಂಧಿಸಿದೆ. ಚೋಮನ ಬಳಿ ದುಡಿಯುವ ಶಕ್ತಿಯಿದೆ, ಒಂದು ಜೋಡಿ ಎತ್ತುಗಳಿವೆ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಶ್ರಮವೂ ಬಂಡವಾಳವೂ ಇವೆ. ಬೇಸಾಯಕ್ಕೆ ಗೇಣಿಯ ಭೂಮಿಯೊಂದೇ ಬೇಕು. ಧಣಿ ಸಂಕಪ್ಪಯ್ಯನ ಮನಸ್ಸು ಒಂದು ಹಂತದಲ್ಲಿ ಕರಗಿದರೂ, ಹೊಲೆಯನೊಬ್ಬ ಬೇಸಾಯಗಾರನಾಗುವುದು ಸಂಪ್ರದಾಯಕ್ಕೆ ವಿರುದ್ಧವೆಂಬ ಅವನ ತಾಯಿಯ ಮಾತು ಬಾಗಿಲು ಮುಚ್ಚುತ್ತದೆ. ಮಾರುಕಟ್ಟೆಯಲ್ಲಿ ನಡೆಯಬಹುದಾಗಿದ್ದ ಕರಾರು ಮನೆಯೊಳಗಿನ ಕಟ್ಟಳೆಯಿಂದ ಮುರಿದುಬೀಳುತ್ತದೆ.

ಕಾದಂಬರಿ ಬಂದ ನಾಲ್ಕು ದಶಕಗಳ ನಂತರ, ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿ, ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಒಡೆತನ ಪಡೆಯುವ ಅವಕಾಶ ದೊರೆಯಿತು. ಇದು ಕರ್ನಾಟಕದ ಅತ್ಯಂತ ಮಹತ್ವದ ಆರ್ಥಿಕ ನೀತಿಗಳಲ್ಲಿ ಒಂದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿ ಸಲ್ಲಿಸಲು ಗೇಣಿದಾರನಾಗಿರಬೇಕಿತ್ತು. ಯಾರನ್ನು ಗೇಣಿದಾರನಾಗಲು ಸಂಪ್ರದಾಯ ಬಿಟ್ಟಿರಲಿಲ್ಲವೋ ಅವನ ಹೆಸರು ಆ ಪಟ್ಟಿಯಲ್ಲಿ ಬರುವಂತಿರಲಿಲ್ಲ. ಚೋಮ 1974ರವರೆಗೆ ಬದುಕಿದ್ದರೂ ನಮೂನೆ 7 ಅವನ ಪಾಲಿಗೆ ಖಾಲಿ ಕಾಗದವೇ ಆಗುತ್ತಿತ್ತು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯಲ್ಲಿ 'ಉಳುವವನು' ಯಾರು ಎಂಬುದನ್ನು ಸಂಸ್ಕೃತಿ ಮೊದಲೇ ತೀರ್ಮಾನಿಸಿತ್ತು.

ಕೋಲಾರದಂತಹ ಪೂರ್ವದ ಬಯಲುಸೀಮೆಯಲ್ಲಿ ಇನ್ನೊಂದು ತೊಡಕೂ ಇತ್ತು. ಕರಾವಳಿಗೆ ಹೋಲಿಸಿದರೆ ಇಲ್ಲಿ ಗೇಣಿ ಪದ್ಧತಿಯ ವ್ಯಾಪ್ತಿಯೇ ಕಡಿಮೆ. ಭೂಮಿ ಬಹುಮಟ್ಟಿಗೆ ರೈತಾಪಿ ಒಡೆಯರ ಕೈಯಲ್ಲಿತ್ತು. ದಲಿತರು ಕೂಲಿಗಳಾಗಿ, ಜೀತದಾಳುಗಳಾಗಿ ದುಡಿಯುತ್ತಿದ್ದರು. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆ ಅವರನ್ನು ಸಾಲದಿಂದ ಬಿಡಿಸಿತಾದರೂ ಭೂಮಿಗೆ ಕೂಡಿಸಲಿಲ್ಲ.

3. ಊಳಿಗದ ಜಮೀನು: ರಕ್ಷಣೆಯೋ ಬಂಧನವೋ

ಹಾಗಾದರೆ ಈ ಸೀಮೆಯ ದಲಿತರಿಗೆ ಭೂಮಿ ಬಂದದ್ದು ಹೇಗೆ? ಮುಖ್ಯವಾಗಿ ಎರಡು ದಾರಿಗಳಿದ್ದವು. ಮೊದಲನೆಯದು ಗ್ರಾಮದ ಊಳಿಗಕ್ಕೆ ಪ್ರತಿಯಾಗಿ ದೊರೆತ ಇನಾಮು. ತೋಟಿ, ತಳವಾರ, ನೀರುಗಂಟಿ ಮುಂತಾದ ಕೆಲಸಗಳು ವಂಶಪಾರಂಪರ್ಯವಾಗಿದ್ದವು. ಕೆರೆಗಳನ್ನೇ ನಂಬಿದ್ದ ಈ ಜಿಲ್ಲೆಯಲ್ಲಿ ತೂಬು ಎತ್ತಿ ಎಲ್ಲರ ಗದ್ದೆಗೆ ನೀರು ಹಂಚುವ ನೀರುಗಂಟಿ ಸಾಮಾನ್ಯವಾಗಿ ದಲಿತ. ನೀರಿನ ನ್ಯಾಯ ಅವನ ಕೈಯಲ್ಲಿತ್ತು, ಅಚ್ಚುಕಟ್ಟಿನ ಗದ್ದೆ ಬೇರೆಯವರ ಹೆಸರಿನಲ್ಲಿತ್ತು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ, 1961 ಈ ಹುದ್ದೆಗಳನ್ನು ತೆಗೆದು, ಇನಾಮು ಜಮೀನನ್ನು ಹುದ್ದೆ ನಿರ್ವಹಿಸುತ್ತಿದ್ದವರಿಗೆ ಮರುಮಂಜೂರು ಮಾಡಲು ಅವಕಾಶ ನೀಡಿತು. ಎರಡನೆಯ ದಾರಿ ಸರ್ಕಾರಿ ಜಮೀನಿನ ದರಖಾಸ್ತು.

ಹೀಗೆ ಸಿಕ್ಕ ಜಮೀನು ಸಾಲಕ್ಕೆ, ಮದುವೆಗೆ, ಕಾಯಿಲೆಗೆ ಬಲಾಢ್ಯರ ಪಾಲಾಗುತ್ತಿದ್ದುದನ್ನು ತಡೆಯಲು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯಿದೆ 1978ರಲ್ಲಿ ಬಂದಿತು. ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದರೆ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಮರಳಿಸಬಹುದು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಅರ್ಜಿಗಳು ಸಮಂಜಸವಾದ ಕಾಲಾವಧಿಯೊಳಗೆ ಬರಬೇಕೆಂದು ಹೇಳಿದ ನಂತರ ಹಲವು ಪ್ರಕರಣಗಳು ಬಿದ್ದುಹೋದವು. ಸುದೀರ್ಘ ಹೋರಾಟದ ಫಲವಾಗಿ 2023ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ಕಾಲಮಿತಿಯ ತೊಡಕನ್ನು ನಿವಾರಿಸಲಾಯಿತು.

ಈ ನಡುವೆ 2020ರ ತಿದ್ದುಪಡಿಯು ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ಬೆಂಗಳೂರಿಗೆ ಅಂಟಿಕೊಂಡಂತಿರುವ, ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹಾದುಹೋಗುವ ಮಾಲೂರಿನಲ್ಲಿ ಇದರ ಅರ್ಥ ಸ್ಪಷ್ಟ. ಇಲ್ಲೊಂದು ನಿಜವಾದ ಸಂದಿಗ್ಧವಿದೆ. ಮಾರುವ ಹಕ್ಕಿಲ್ಲದ ಒಡೆತನ ಅರೆ ಒಡೆತನವೆಂದೂ, ಇದರಿಂದ ದಲಿತನು ಭೂಮಿಯ ಬೆಲೆಯೇರಿಕೆಯ ಲಾಭದಿಂದ ವಂಚಿತನಾಗುತ್ತಾನೆಂದೂ ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದು ಕೊಳ್ಳುವವನೂ ಮಾರುವವನೂ ಸಮಾನ ನೆಲೆಯಲ್ಲಿ ನಿಂತಿರುವ ಮಾರುಕಟ್ಟೆಯನ್ನು ಕಲ್ಪಿಸಿಕೊಳ್ಳುತ್ತದೆ. ಗುಜ್ಜುಕೋಲು ಮುಟ್ಟಿದ್ದಕ್ಕೆ ಊರು ಬಿಡಿಸುವ ಬೆದರಿಕೆ ಸಾಧ್ಯವಿರುವ ಕಡೆ ಮುಕ್ತ ಮಾರಾಟ ಎಷ್ಟು ಮುಕ್ತವಾಗಿರಲು ಸಾಧ್ಯ? ಆದ್ದರಿಂದ 1978ರ ಕಾಯಿದೆಯನ್ನು ಆರ್ಥಿಕ ನಿರ್ಬಂಧವೆಂದು ಮಾತ್ರ ನೋಡದೆ, ಸಾಂಸ್ಕೃತಿಕ ಯಜಮಾನಿಕೆಗೆ ಒಡ್ಡಿದ ತಡೆಗೋಡೆಯೆಂದು ಗ್ರಹಿಸುವುದು ಹೆಚ್ಚು ಸೂಕ್ತ. ಆ ಗೋಡೆಯ ಒಳಗಿರುವವರಿಗೆ ಬ್ಯಾಂಕ್ ಸಾಲ ಮತ್ತು ನೀರಾವರಿ ಒದಗಿಸದಿದ್ದುದು ನೀತಿಯ ಲೋಪ. ಗೋಡೆ ಕಟ್ಟಿದ್ದು ಲೋಪವಲ್ಲ.

4. ಗಣಿಯಿಂದ ಗುತ್ತಿಗೆಗೆ

ಭೂಮಿಯ ಹೊರಗೆ ದೊರೆತ ಮೊದಲ ದೊಡ್ಡ ಅವಕಾಶ ಕೋಲಾರ ಚಿನ್ನದ ಗಣಿ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಯನ್ನು ವಿಸ್ತರಿಸಿದಾಗ, ಭೂಗರ್ಭಕ್ಕೆ ಇಳಿದವರಲ್ಲಿ ಬಹುಸಂಖ್ಯಾತರು ಉತ್ತರ ಆರ್ಕಾಟು ಮುಂತಾದ ಕಡೆಗಳಿಂದ ಬಂದ ಆದಿದ್ರಾವಿಡರು. ಪ್ರಾಣಾಪಾಯದ ಕೆಲಸ ಅಸ್ಪೃಶ್ಯರಿಗೆ, ಮೇಲ್ವಿಚಾರಣೆ ಯುರೋಪಿಯನ್ನರಿಗೆ ಎಂಬ ಶ್ರೇಣಿ ಅಲ್ಲಿಯೂ ಇತ್ತು. ಆದರೆ ಹಳ್ಳಿಯ ಜೀತದಲ್ಲಿ ಸಿಗದಿದ್ದ ನಗದು ಕೂಲಿಯೂ ಒಟ್ಟಾಗಿ ಬದುಕುವ ಕಾಲೊನಿಯೂ ಅಲ್ಲಿ ಸಿಕ್ಕವು. ಇವುಗಳಿಂದ ಹುಟ್ಟಿದ್ದು ಹೊಸ ಸಂಸ್ಕೃತಿ. ಅಯೋತಿದಾಸರ ಬೌದ್ಧ ಚಳವಳಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ಬೇರೂರಿತು; ಅವರ ಬರಹಗಳು ಚಾಂಪಿಯನ್ ರೀಫ್ಸ್‌ನಿಂದ ಪುಸ್ತಕರೂಪದಲ್ಲಿ ಹೊರಬಂದವು. 1930ರಲ್ಲಿ ಬೆರಳಚ್ಚು ನೀಡುವ ಅವಮಾನದ ವಿರುದ್ಧ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರದ ಕೇಂದ್ರದಲ್ಲಿದ್ದುದು ಕೂಲಿಯಷ್ಟೇ ಅಲ್ಲ, ಘನತೆ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣಗೊಳಿಸಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ವಿಲ್ಸನ್ ಅಮೆರಿಕದ ನಗರಗಳಲ್ಲಿ ಕಂಡುದನ್ನೇ ಇಲ್ಲಿ ಕಾಣಬಹುದು. ಗಣಿ ಮುಚ್ಚಿದ ಮೇಲೆ ಆ ಕಾಲೊನಿಗಳಲ್ಲಿ ಕಂಡುಬಂದ ಹತಾಶೆಗೆ ಅಲ್ಲಿಯ ಜನರ ಸಂಸ್ಕೃತಿಯನ್ನು ಹೊಣೆಮಾಡುವುದು ಕಾರಣ ಮತ್ತು ಪರಿಣಾಮಗಳನ್ನು ತಿರುವು ಮುರುವು ಮಾಡಿದಂತೆ. ನೂರು ವರ್ಷಗಳ ಕಾಲ ಅದೇ ಜನ ಓದುಗೂಡುಗಳನ್ನೂ ಸಂಘಗಳನ್ನೂ ಕಟ್ಟಿದ್ದರು.

ಇಂದು ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಬಂಗಾರಪೇಟೆ, ಟೇಕಲ್, ಮಾಲೂರು, ದೇವನಗೊಂದಿಗಳಲ್ಲಿ ಜನರನ್ನು ತುಂಬಿಕೊಂಡು ವೈಟ್‌ಫೀಲ್ಡ್, ಬೆಂಗಳೂರುಗಳಲ್ಲಿ ಇಳಿಸುತ್ತವೆ. ಕಾವಲು, ಸ್ವಚ್ಛತೆ, ಕಟ್ಟಡ ಕೆಲಸ, ಸಿದ್ಧ ಉಡುಪು ಇವು ಅವರಿಗಾಗಿ ಕಾದಿರುವ ಕೆಲಸಗಳು. ಮಾಲೂರಿನ ಹೆಂಚು ಮತ್ತು ಇಟ್ಟಿಗೆಯ ಗೂಡುಗಳ ಜೊತೆಗೆ ಕೈಗಾರಿಕಾ ಪ್ರದೇಶವೂ ಬೆಳೆದಿದೆ. ನೆರೆಯ ನರಸಾಪುರದಲ್ಲಿ ಜಾಗತಿಕ ಕಂಪನಿಗಳು ನೆಲೆಯೂರಿವೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ಪ್ರಶ್ನೆಯ ಮೇಲೆ ನಡೆದ ಗಲಭೆಯು, ಈ ಹೊಸ ಉದ್ಯೋಗಗಳಲ್ಲಿ ಗುತ್ತಿಗೆಯ ಪಾತ್ರವೆಷ್ಟೆಂಬುದನ್ನು ಬಯಲುಮಾಡಿತು. 2024ರಲ್ಲಿ ರಾಜ್ಯ ಸರ್ಕಾರ ತನ್ನ ಇಲಾಖೆಗಳ ಹೊರಗುತ್ತಿಗೆ ನೇಮಕಗಳಿಗೂ ಮೀಸಲಾತಿಯನ್ನು ಅನ್ವಯಿಸಿತಾದರೂ ಖಾಸಗಿ ಕಾರ್ಖಾನೆಗಳು ಅದರ ಹೊರಗಿವೆ.

ಖಾಸಗಿ ವಲಯಕ್ಕೆ ಜಾತಿ ಕಾಣುವುದಿಲ್ಲ ಎಂಬ ನಂಬಿಕೆಯನ್ನು ಪರೀಕ್ಷಿಸಿದ ಅಧ್ಯಯನಗಳಿವೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳುಹಿಸಲಾಗಿತ್ತು. ದಲಿತ ಹೆಸರಿಗೆ ಕರೆ ಬರುವ ಸಂಭವ ಮೇಲ್ಜಾತಿಯ ಹೆಸರಿನ ಸುಮಾರು ಮೂರನೆಯ ಎರಡು ಪಾಲಿನಷ್ಟಿತ್ತು. 2004ರಲ್ಲಿ ಪ್ರಕಟವಾದ ಇಂತಹುದೇ ಅಮೆರಿಕದ ಅಧ್ಯಯನದಲ್ಲಿ ಬಿಳಿಯರ ಹೆಸರುಗಳಿಗೆ ಕಪ್ಪುಜನರ ಹೆಸರುಗಳಿಗಿಂತ ಸುಮಾರು ಶೇ. 50ರಷ್ಟು ಹೆಚ್ಚು ಕರೆಗಳು ಬಂದಿದ್ದವು. ಅರ್ಹತೆಯನ್ನು ಅಳೆಯುವ ಮೊದಲೇ ಹೆಸರನ್ನು ಓದಲಾಗಿರುತ್ತದೆ. ಅದಕ್ಕಾಗಿಯೇ ಓಡಾಟವನ್ನೂ ಏಳಿಗೆಯನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ. ಪ್ರತಿದಿನ ನಗರಕ್ಕೆ ಹೋಗಿ ಬರುವವರು ದೂರವನ್ನು ಕ್ರಮಿಸುತ್ತಾರೆ. ಆದರೆ ಶ್ರೇಣಿಯಲ್ಲಿ ಅವರ ಸ್ಥಾನ ಎರಡೂ ತುದಿಗಳಲ್ಲಿ ಹಾಗೆಯೇ ಉಳಿದಿರಬಹುದು.

5. ಶಾಲೆಯೊಳಗಿನ ಗುಂಡಿ

ಏಳಿಗೆಯ ದಾರಿಯೆಂದು ಎಲ್ಲರೂ ಒಪ್ಪಿರುವುದು ಶಿಕ್ಷಣವನ್ನು. ಮಾಲೂರು ತಾಲ್ಲೂಕು ಈ ಮಾತಿಗೆ ಉಜ್ವಲ ನಿದರ್ಶನವನ್ನು ನೀಡಿದೆ. ಇಲ್ಲಿಯ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಬಾಲ್ಯದ ಕಷ್ಟಕಾರ್ಪಣ್ಯಗಳ ನಡುವೆ ಓದಿ, 1914ರ ವೇಳೆಗೆ ಎಂ.ಎ. ಪದವೀಧರರಾಗಿ ಮೈಸೂರು ಸಿವಿಲ್ ಸರ್ವೀಸ್ ಸೇರಿದರು. ಅಸ್ಪೃಶ್ಯರ ಮಕ್ಕಳಿಗೂ ಸಾರ್ವಜನಿಕ ಶಾಲೆಗಳಲ್ಲಿ ಪ್ರವೇಶ ನೀಡಬೇಕೆಂಬ ಮೈಸೂರು ಸರ್ಕಾರದ ಆದೇಶ ಬಂದದ್ದು 1915ರಲ್ಲಿ. ಈ ಎರಡು ಇಸವಿಗಳನ್ನು ಜೊತೆಗಿಡುವುದರ ಉದ್ದೇಶ ಮಾಸ್ತಿಯವರ ಪರಿಶ್ರಮವನ್ನು ಕಡಿಮೆಗಾಣಿಸುವುದಲ್ಲ. ಒಂದೇ ಸೀಮೆಯಲ್ಲಿ ಒಂದೇ ಬಡತನದಿಂದ ಎರಡು ಬೇರೆ ದೂರಗಳನ್ನು ಕ್ರಮಿಸಬೇಕಾಗಿತ್ತು ಎಂಬುದನ್ನು ಅವು ತೋರಿಸುತ್ತವೆ. ಅಕ್ಷರದ ಪರಂಪರೆ ಎಂಬ ಬಂಡವಾಳ ಬಡಬ್ರಾಹ್ಮಣ ಕುಟುಂಬಕ್ಕೂ ಇತ್ತು. ದಲಿತ ಕುಟುಂಬಕ್ಕೆ ಶಾಲೆಯ ಹೊಸ್ತಿಲೇ ಇರಲಿಲ್ಲ. ಮಿಲ್ಲರ್ ಸಮಿತಿಯ ವರದಿಯಿಂದ (1919) ಹಾವನೂರು ವರದಿಯವರೆಗಿನ (1975) ಮೀಸಲಾತಿಯ ಇತಿಹಾಸವನ್ನು ಈ ಅಂತರದ ಹಿನ್ನೆಲೆಯಲ್ಲಿ ಓದಬೇಕು.

ಹೊಸ್ತಿಲು ದಾಟಿದ ಮೇಲೇನಾಯಿತು? 2015ರಲ್ಲಿ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯಲ್ಲಿ, ಬಿಸಿಯೂಟ ಬೇಯಿಸುವವರು ದಲಿತ ಮಹಿಳೆಯೆಂಬ ಕಾರಣಕ್ಕೆ ಮಕ್ಕಳು ಸರ್ಕಾರಿ ಶಾಲೆ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿ ಸ್ವಚ್ಛಗೊಳಿಸಲು ಇಳಿಸಿದ ಪ್ರಕರಣ ಬೆಳಕಿಗೆ ಬಂದು, ಸಿಬ್ಬಂದಿಯ ಮೇಲೆ ಕ್ರಮ ಜರುಗಿತು. ಮಲಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯಿದೆ ಆಗ ಜಾರಿಯಲ್ಲಿತ್ತು. ಹಿಂದುಳಿದವರ ಮಕ್ಕಳನ್ನು ಜಾತಿಯ ಕಸುಬಿನಿಂದ ಬಿಡಿಸಲೆಂದೇ ಪ್ರಭುತ್ವ ಕಟ್ಟಿದ ಸಂಸ್ಥೆಯೊಳಗೆ ಜಾತಿಯ ಕಸುಬು ಮರಳಿ ಬಂದಿತ್ತು. ಜಾತಿಯು ಶ್ರಮದ ವಿಭಜನೆಯಷ್ಟೇ ಆಗಿರದೆ ಶ್ರಮಿಕರ ವಿಭಜನೆಯೂ ಆಗಿದೆ ಎಂದು ಅಂಬೇಡ್ಕರ್ 1936ರಲ್ಲಿ ಮಾಡಿದ ವಿಶ್ಲೇಷಣೆಗೆ ಇದಕ್ಕಿಂತ ಕಟುವಾದ ಸಾಕ್ಷ್ಯ ಬೇಕಿಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯಲ್ಲಿ ಓದಿದ ಯುವಕ ಚನ್ನನ ಏಳಿಗೆ ಕೊಲೆಯಲ್ಲಿ ಕೊನೆಗೊಳ್ಳುವುದನ್ನು ಈ ಹಿನ್ನೆಲೆಯಲ್ಲಿ ನೆನೆಯಬಹುದು. ಓದು ಅವನನ್ನು ಮೇಲಕ್ಕೆತ್ತಿತು. ಮೇಲೇರಿದವನನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಊರು ನಿರ್ಧರಿಸಿತು.

6. ಪ್ರತಿಸಂಸ್ಕೃತಿಯ ನೆಲೆ

ಸಂಸ್ಕೃತಿಯನ್ನು ಅಡ್ಡಿಯಾಗಿ ಮಾತ್ರ ಚಿತ್ರಿಸಿದರೆ ಈ ಸೀಮೆಗೆ ಅನ್ಯಾಯವಾದೀತು. ಗಣಿಯ ಬೌದ್ಧ ಚಳವಳಿ, 1970ರ ದಶಕದಿಂದ ಜಿಲ್ಲೆಯಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿ, ಕೋಟಿಗಾನಹಳ್ಳಿ ರಾಮಯ್ಯ ಅವರಂತಹ ಕವಿ ನಾಟಕಕಾರರು, ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರ ಇವೆಲ್ಲ ಸಂಸ್ಕೃತಿಯನ್ನು ಬಿಡುಗಡೆಯ ಸಾಧನವಾಗಿ ಬಳಸಿದ ನಿದರ್ಶನಗಳು. ಭೂಮಿಯ ಹಕ್ಕಿಗಾಗಿ ನಡೆದ ಜಾಥಾಗಳಲ್ಲಿ ಹೋರಾಟದ ಹಾಡುಗಳು ಅರ್ಜಿಗಳಷ್ಟೇ ಕೆಲಸ ಮಾಡಿವೆ. ಕಾನೂನು ಕೊಟ್ಟ ಹಕ್ಕನ್ನು ಕೇಳುವ ಧೈರ್ಯ ಕಾನೂನಿನಿಂದ ಬರುವುದಿಲ್ಲ. ಅದು ಇಂತಹ ಸಾಂಸ್ಕೃತಿಕ ಸಿದ್ಧತೆಯಿಂದ ಬರುತ್ತದೆ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಟ್ಟ ಪ್ರಕರಣದಲ್ಲಿ ಸಾಕ್ಷಿಗಳು ಪ್ರತಿಕೂಲವಾಗಿ ಆರೋಪಿಗಳು ಬಿಡುಗಡೆಯಾದರು. ಉಳ್ಳೇರಹಳ್ಳಿಯಲ್ಲಿ ಕುಟುಂಬವು ದೂರು ನೀಡಿತು, ಸಂಘಟನೆಗಳು ಜೊತೆಗೆ ನಿಂತವು. ಎರಡು ಘಟನೆಗಳ ಸ್ವರೂಪ ಬೇರೆಯಾದರೂ, ಮಾತನಾಡುವ ಧೈರ್ಯ ಉಳಿಯಲು ಯಾವ ಆಸರೆ ಬೇಕು ಎಂಬ ಪ್ರಶ್ನೆಯನ್ನು ಎರಡೂ ಕೇಳುತ್ತವೆ.

ಉಪಸಂಹಾರ

ಈವರೆಗಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಆರ್ಥಿಕ ನೀತಿ ಮತ್ತು ಸಂಸ್ಕೃತಿಗಳನ್ನು ಪರ್ಯಾಯ ಕಾರಣಗಳೆಂದು ಎದುರುಬದುರಾಗಿ ನಿಲ್ಲಿಸುವುದು ಸರಿಯಲ್ಲ. ನಮೂನೆ 7ರಿಂದ ಉದ್ಯೋಗದ ಅರ್ಜಿಯವರೆಗೆ ಒಂದು ಇನ್ನೊಂದರ ಮೂಲಕವೇ ಕೆಲಸ ಮಾಡಿದೆ. ಎರಡನೆಯದಾಗಿ, ಅಸಮಾನತೆಗೆ ಕಾರಣವಾದ ಸಂಸ್ಕೃತಿಯನ್ನು ಕೇರಿಯಲ್ಲಿ ಹುಡುಕುವುದಕ್ಕಿಂತ ಊರಿನಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಹುಡುಕಬೇಕು. ಮೂರನೆಯದಾಗಿ, ಚಲ್ಲಾಪಿಲ್ಲಿಯಾದ ಕೂಲಿಯ ಓಡಾಟವನ್ನು ಸಾಮಾಜಿಕ ಚಲನೆಯೆಂದು ಎಣಿಸುವ ಅಂಕಿಅಂಶಗಳ ಬಗೆಗೆ ಎಚ್ಚರ ಬೇಕು.

ಕನ್ನಡ ವಿಭಾಗಗಳಿಗೆ ಇಲ್ಲಿ ನಿರ್ದಿಷ್ಟವಾದ ಹೊಣೆಯಿದೆ. ದಲಿತ-ಬಂಡಾಯ ಸಾಹಿತ್ಯವನ್ನು ಆಶಯ ಮತ್ತು ಅಭಿವ್ಯಕ್ತಿಯ ನೆಲೆಯಲ್ಲಿ ನಾವು ಸಾಕಷ್ಟು ಓದಿದ್ದೇವೆ. ಅದನ್ನು ಭೂದಾಖಲೆ, ಕೂಲಿಯ ದರ, ಕಾಯಿದೆಯ ಕಲಂಗಳ ಪಕ್ಕದಲ್ಲಿಟ್ಟು ಓದಿದ್ದು ಕಡಿಮೆ. ಚೋಮನ ಎತ್ತುಗಳನ್ನು ರೂಪಕವೆಂದು ಪಾಠ ಹೇಳುವಾಗ, ಅವು ಮೊದಲು ಬೇಸಾಯಕ್ಕೆಂದು ಸಾಕಿದ ಎತ್ತುಗಳು ಎಂಬುದನ್ನು ತರಗತಿಗೆ ನೆನಪಿಸಬೇಕಾಗಿದೆ. ಆಗ ಅವುಗಳನ್ನು ಹೂಡಲು ಹೊಲ ಸಿಗದೆ ಹೋದದ್ದೇಕೆ ಎಂಬ ಪ್ರಶ್ನೆ ಸಾಹಿತ್ಯದ ಪ್ರಶ್ನೆಯೂ ಆಗುತ್ತದೆ, ಮಾಲೂರಿನ ಪ್ರಶ್ನೆಯೂ ಆಗುತ್ತದೆ.